ಮರಿಯ ಕಿವಿಯ ಗುರುತು

ಹೊನ್ನಾಳಿ
15 ಜೂನ್ 2025

ಚೈತ್ರಾ,

ಮೂರು ವರ್ಷದಿಂದ ಮುಚ್ಚಿಟ್ಟುಕೊಂಡಿರುವ ಒಂದು ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಮಹಾಲಯ ಅಮಾವಾಸ್ಯೆಯ ದಿನ ಅವ್ವ ತೀರಿಹೋದ ಹಿರಿಯರ ಸಾಲಿನಲ್ಲಿ ಅಪ್ಪನ ಫೋಟೊವನ್ನೂ ಇಟ್ಟು, ಮುಂದೆ ಎಡೆ ಬಡಿಸಿ, ನಮ್ಮಿಬ್ಬರನ್ನು ಕರೆದು ನಿಲ್ಲಿಸುತ್ತಾಳಲ್ಲ, ಆಗ ನಾನು ಕೈ ಜೋಡಿಸುತ್ತೇನೆ, ಕಣ್ಣು ಮುಚ್ಚುತ್ತೇನೆ. ಅಷ್ಟೇ. ಒಳಗೆ ಒಂದು ಸಲವೂ ನಮಸ್ಕಾರ ಮಾಡಿಲ್ಲ. ಕುರಿ ಹೊಡೆದುಕೊಂಡು ಹೋಗಿ ವಾಪಸ್ ಬರದ, ಸತ್ತದ್ದನ್ನು ಯಾರೂ ನೋಡಿಲ್ಲದ ಮನುಷ್ಯನನ್ನು ಸತ್ತವರ ಸಾಲಿನಲ್ಲಿ ಕೂರಿಸಲು ನನ್ನಿಂದ ಆಗುವುದಿಲ್ಲ. ಅಜ್ಜಿ ಮಾರನೇ ಬೆಳಿಗ್ಗೆ ಆ ಫೋಟೊ ಎತ್ತಿಕೊಂಡು ಹೋಗಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡುವಾಗ ನಾನು ಮಲಗಿದ ಹಾಗೆ ನಟಿಸಿ ನೋಡುತ್ತಿರುತ್ತೇನೆ. ನನಗೆ ಸಮಾಧಾನವಾಗುತ್ತದೆ.

ಹೋದ ವರ್ಷದ ಜಗಳ ನಿನಗೆ ನೆನಪಿರಬೇಕು. ಅಜ್ಜಿ, "ನನ್ನ ಮಗ ಎಲ್ಲೋ ಉಣ್ತಾ ಅದಾನೆ. ಅವನ ಹೆಸರಾಗೆ ಎಡೆ ಇಕ್ತೀಯಲ್ಲೇ ನಾಗರತ್ನ, ಕೈ ಹೆಂಗೆ ಬರ್ತೈತೆ ನಿನಗೆ?" ಅಂದಳು. ಅವ್ವ ಹೋಳಿಗೆ ಮಗುಚುತ್ತಲೇ, "ಎಲ್ಲಿ ಉಣ್ತಾ ಅದಾನೆ ತೋರಿಸ್ರಿ ಅತ್ತೆ, ಅಲ್ಲಿಗೇ ಒಯ್ದು ಬಡಿಸ್ತೀನಿ" ಅಂದಳು. ಅವತ್ತು ನೀನು ನಕ್ಕೆ. ನಾನೂ ನಕ್ಕೆ. ಅವ್ವ ನಗಲಿಲ್ಲ.

ನಿನ್ನ ಪತ್ರ ಬಂತು. ನಿಮ್ಮ ಶೈಲಾ ಮೇಡಂ ಮನೆಯ ಇತಿಹಾಸದ ಚಾರ್ಟ್ ಮಾಡಿಸುತ್ತಿದ್ದಾರೆ, ಎಡಗಡೆ 'ಸಮಕಾಲೀನ', ಬಲಗಡೆ 'ಐತಿಹಾಸಿಕ', ಅಪ್ಪನ ಹೆಸರನ್ನು ಯಾವ ಕಡೆ ಬರೆಯಲಿ ಎಂದು ಕೇಳಿದ್ದೀಯ. ಹತ್ತನೇ ಕ್ಲಾಸು ಅರ್ಧಕ್ಕೇ ಬಿಟ್ಟವನನ್ನು ಕೇಳಿದರೆ ಏನು ಹೇಳಲಿ? ನಾನು ಯಾಕೆ ಬಿಟ್ಟೆ ಅಂತ ಅವ್ವ ನಿನಗೆ ಹೇಳಿರಲಿಕ್ಕಿಲ್ಲ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ 'ದಿವಂಗತ' ಅಂತ ಸೇರಿಸು ಎಂದರು ಸಾರ್. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಎಲ್ಲರ ಎದುರು, "ಗೊತ್ತಿಲ್ಲದ್ದು ಬರೆಯಾಕೆ ಕಲಿಸ್ತೀರಾ ಸಾರ್?" ಅಂದೆ. ಮರುದಿನದಿಂದ ಹೋಗಲಿಲ್ಲ. ಅದೊಂದೇ ಕಾರಣ ಅಂದರೆ ಅದೂ ಸುಳ್ಳಾಗುತ್ತದೆ. ಒಂದೇ ಕಡೆ ಕೂರುವುದು ನನಗೆ ಮೊದಲಿನಿಂದಲೂ ಆಗದು. ಜಗಳೂರಿನ ಗ್ಯಾರೇಜು, ಚನ್ನಗಿರಿಯ ಹೋಟೆಲು, ಈಗ ಇಲ್ಲಿ ನಿಂಗರಾಜಣ್ಣನ ಫ್ಲೆಕ್ಸ್ ಅಂಗಡಿ. ಇದನ್ನು ಎಷ್ಟು ದಿನಕ್ಕೆ ಬಿಡುತ್ತೇನೋ.

ಈ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಇವೆ. ಒಂದರಲ್ಲಿ ಹುಟ್ಟುಹಬ್ಬ, ಇನ್ನೊಂದರಲ್ಲಿ ಶ್ರದ್ಧಾಂಜಲಿ. ಎಷ್ಟೋ ಸಲ ಫೋಟೊ ಅದೇ ಇರುತ್ತದೆ. ಹೋದ ವರ್ಷ ಬಲೂನಿನ ನಡುವೆ ನಕ್ಕವನನ್ನೇ ಈ ವರ್ಷ ಎರಡು ದೀಪದ ನಡುವೆ ಕೂರಿಸುತ್ತೇವೆ. "ನೋಡ್ಕಂಡು ಮಾಡಲೇ ತಿಮ್ಮೇಶ, ಬದುಕಿರೋನಿಗೆ ದೀಪ ಹಚ್ಚಿ ನನಗೆ ಒದೆ ಕೊಡಿಸ್ಬೇಡ" ಅನ್ನುತ್ತಾನೆ ನಿಂಗರಾಜಣ್ಣ. ಮೂರನೇ ಫೋಲ್ಡರ್ ಇಲ್ಲ. ಅಪ್ಪನನ್ನು ಎಲ್ಲಿಡಬೇಕೆಂದು ನನಗೂ ಗೊತ್ತಿಲ್ಲ ಚೈತ್ರಾ. ಗೊತ್ತಿಲ್ಲ ಅಂತಲೇ ಬರೆ.

ಊಟ ಸರಿಯಾಗಿ ಮಾಡು.

ನಿನ್ನ ಅಣ್ಣ
ತಿಮ್ಮೇಶ್


ಜಗಳೂರು
29 ಜೂನ್ 2025

ಅಣ್ಣಾ,

ನಿನ್ನ ಪತ್ರವನ್ನು ವಾರ್ಡನ್ ಓದಿಯೇ ಕೊಟ್ಟರು. "ನಿಮ್ಮಣ್ಣ ಚೆನ್ನಾಗಿ ಬರೀತಾನೆ, ಶಾಲೆ ಯಾಕೆ ಬಿಟ್ಟನಂತೆ?" ಎಂದು ಕೇಳಿ, ಅದೇ ಪತ್ರದಲ್ಲಿ ಓದಿದ್ದು ನೆನಪಾಗಿ ಮಾತು ತಿರುಗಿಸಿದರು. ಭಾನುವಾರ ಅವರ ಫೋನಿನಲ್ಲಿ ಮಾತಾಡೋಣ ಅಂದರೆ ಹಿಂದೆ ಇಪ್ಪತ್ತು ಹುಡುಗಿಯರು ಸಾಲಾಗಿ ನಿಂತಿರುತ್ತಾರೆ. ಇಂಥದ್ದೆಲ್ಲ ಹೇಳಲು ಆಗುವುದಿಲ್ಲ. ನೀನು ಬರೆಯುತ್ತಲೇ ಇರು.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನಾನು ನಿಜವಾಗಿ ಕೈ ಮುಗಿಯುತ್ತಿದ್ದೆ. ಆದರೆ ಯಾರಿಗೆ ಮುಗಿಯುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಅಪ್ಪ ಹೋದಾಗ ನನಗೆ ಎರಡು ವರ್ಷ. ಫೋಟೊದಲ್ಲಿರುವ ಮೀಸೆಯವನು ನನಗೆ ಪಾಠದ ಪುಸ್ತಕದ ಚಿತ್ರದಂತೆ.

ಮೇಡಂ ಹತ್ತಿರ ಕೇಳಿದೆ. ನಮ್ಮ ಜೊತೆಗೆ, ನಮ್ಮ ಕಾಲದಲ್ಲೇ ಇರುವುದು ಸಮಕಾಲೀನ ಎಂದರು. ಹಾಗಂತ ಬದುಕಿರುವವರಿಗೆ ಮಾತ್ರ ಆ ಮಾತು ಅಲ್ಲ, ನೂರಾರು ವರ್ಷದ ಹಿಂದೆ ಒಂದೇ ಕಾಲದಲ್ಲಿದ್ದ ಇಬ್ಬರು, ಒಬ್ಬರನ್ನೊಬ್ಬರು ನೋಡದಿದ್ದರೂ, ಇವತ್ತಿಗೂ ಪರಸ್ಪರ ಸಮಕಾಲೀನರೇ ಅಂತೆ. ಐತಿಹಾಸಿಕ ಅಂದರೆ ಕಳೆದುಹೋದ ಕಾಲಕ್ಕೆ ಸೇರಿದ್ದು. ಅದರಲ್ಲೂ, ನಡೆದದ್ದೆಲ್ಲ ಅಲ್ಲ, ನಡೆದ ಮೇಲೆ ಮುಂದಿನವರ ಬದುಕನ್ನು ಬದಲಿಸಿದ್ದಕ್ಕೆ ಆ ಮಾತು ಹೆಚ್ಚು ಒಪ್ಪುತ್ತದಂತೆ. ಆಮೇಲೆ ಅವರೇ, "ಅಪ್ಪನ ಹೆಸರು ಬೋರಣ್ಣ ಅಂತ ಒಂದು ಚೀಟಿಯಲ್ಲಿ ಬರೆದು ನಡುಗೆರೆಯ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಮ್ಮ. ಗೊತ್ತಾದಾಗ ಸರಿಸಬಹುದು" ಎಂದರು. ಹಾಗೇ ಮಾಡಿದ್ದೇನೆ. ಫ್ಯಾನ್ ಹಾಕಿದರೆ ಚೀಟಿ ಅಲ್ಲಾಡುತ್ತದೆ.

ಅಣ್ಣಾ, ಅಪ್ಪನ ಬಗ್ಗೆ ನೀನೇ ಕಣ್ಣಾರೆ ಕಂಡ ಒಂದು ಸಂಗತಿ ಹೇಳು. ಅಜ್ಜಿ ಹೇಳಿದ್ದಲ್ಲ, ಅವ್ವ ಹೇಳಿದ್ದಲ್ಲ.

ಚೈತ್ರಶ್ರೀ


ಹೊನ್ನಾಳಿ
13 ಜುಲೈ 2025

ಚೈತ್ರಾ,

ಕೂತು ಬರೆಯಲು ಆಗುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಮೊದಲು. ನನಗೆ ಅಪ್ಪನ ಮುಖ ನೆನಪಿಲ್ಲ, ಮೊಣಕಾಲು ನೆನಪಿದೆ. ಮರಿಯನ್ನು ಎರಡು ಮೊಣಕಾಲಿನ ನಡುವೆ ಒತ್ತಿಹಿಡಿದು ಕಿವಿ ಕೊಯ್ಯುತ್ತಿದ್ದ. ಕುರಿಯವರಲ್ಲಿ ಒಂದೊಂದು ಮನೆಗೂ ಒಂದೊಂದು ಕಿವಿಗುರುತು ಇರುತ್ತದಲ್ಲ, ಹಿಂಡುಗಳು ಬೆರೆತರೂ ಯಾರ ಕುರಿ ಎಂದು ತಿಳಿಯಲಿ ಅಂತ. ನಮ್ಮದು ಎಡಗಿವಿಯ ತುದಿಗೆ ಒಂದು ಸೀಳು, ಬಲಗಿವಿಯ ಕೆಳಗೆ ಬಿದಿಗೆ ಚಂದ್ರನಷ್ಟು ಒಂದು ಕಚ್ಚು. ಕೊಯ್ದ ಚೂರನ್ನು ನನ್ನ ಅಂಗೈಯಲ್ಲಿಟ್ಟು, "ಹಿಡ್ಕ, ಇದು ನಿಂದು" ಅನ್ನುತ್ತಿದ್ದ. ಅದು ಬೆಚ್ಚಗಿರುತ್ತಿತ್ತು. ಅರಿಶಿನ ಹಚ್ಚಿ ಬಿಟ್ಟರೆ ಮರಿ ತಾಯಿಯ ಹತ್ತಿರ ಓಡುತ್ತಿತ್ತು. ಇದು ಯಾರೂ ಹೇಳಿದ್ದಲ್ಲ, ನನ್ನದೇ.

ಈಗ ಕೇಳು. ಮೊನ್ನೆ ಗುರುವಾರ ಫ್ಲೆಕ್ಸ್ ಕಟ್ಟಲು ಬೈಕಿನಲ್ಲಿ ನ್ಯಾಮತಿಗೆ ಹೋಗಿದ್ದೆ. ಊರು ಇನ್ನೂ ಮುಂದಿತ್ತು, ರಸ್ತೆ ತುಂಬ ಕುರಿ. ಹಾರ್ನ್ ಹೊಡೆಯದೆ ನಿಂತುಕೊಂಡೆ. ಹಿಂದೆ ಉಳಿದಿದ್ದ ಒಂದು ಮರಿ ನನ್ನ ಕಾಲಿಗೇ ಬಂದು ತಾಗಿತು. ಎಡಗಿವಿಯಲ್ಲಿ ಸೀಳು. ಎತ್ತಿ ನೋಡಿದೆ. ಬಲಗಿವಿಯಲ್ಲಿ ಕಚ್ಚು. ಗಾಯದ ಮೇಲಿನ ಅರಿಶಿನ ಇನ್ನೂ ಹಳದಿಯಾಗಿಯೇ ಇತ್ತು ಚೈತ್ರಾ.

ಅಪ್ಪ ಹೋಗಿ ಹದಿಮೂರು ವರ್ಷ. ಅವನು ಹೊಡೆದುಕೊಂಡು ಹೋದ ಕುರಿ ಯಾವುದೂ ಈಗ ಬದುಕಿರಲಾರದು. ಆದರೆ ಈ ಮರಿ ಹುಟ್ಟಿ ಒಂದು ತಿಂಗಳಾಗಿರಬಹುದು. ಅಂದರೆ ಆ ಗುರುತು ಹಾಕುವ ಕೈ ಈಗಲೂ ಹಾಕುತ್ತಿದೆ. ಕಾಯುತ್ತಿದ್ದವನನ್ನು ಕೇಳಿದರೆ, "ನಾನು ಕೂಲಿಗಿರೋನಣ್ಣ. ಯಜಮಾನ ಸವಳಂಗದ ಕಡೆ ಮುಂದೆ ಹೋಗ್ಯಾನೆ. ಮರಿ ಬಿಡು, ತಾಯಿ ಕೂಗ್ತೈತೆ" ಅಂದ. ಯಜಮಾನನ ಹೆಸರು ಕೇಳಲು ನನಗೆ ಬಾಯಿ ಬರಲಿಲ್ಲ. ಯಾಕೆಂದು ಗೊತ್ತಿಲ್ಲ.

ಸಂಜೆ ಅಜ್ಜಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವಳು, "ಅರಿಶಿನ ಹಸಿ ಇತ್ತಾ?" ಎಂದು ಕೇಳಿದಳು. ಇತ್ತು ಅಂದೆ.

ಆ ಚೀಟಿಯನ್ನು ಎಡಕ್ಕೆ ಸರಿಸಲು ಸಿದ್ಧವಾಗಿರು.

ತಿಮ್ಮೇಶ್


ಜಗಳೂರು
27 ಜುಲೈ 2025

ಅಣ್ಣಾ,

ಪತ್ರವನ್ನು ಬಾತ್‌ರೂಮಿನಲ್ಲಿ ನಿಂತು ಮೂರು ಸಲ ಓದಿದೆ. ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು.

ಅಜ್ಜಿಗೆ ಹೇಳಬಾರದಿತ್ತು. ನಿನ್ನನ್ನು ಬೈಯುತ್ತಿಲ್ಲ, ಆದರೆ ಹೇಳಬಾರದಿತ್ತು. ಇವತ್ತು ಅವ್ವನ ಜೊತೆ ಮಾತಾಡಿದೆ. ಅಜ್ಜಿ ನಮ್ಮೂರು ಸೊಕ್ಕೆಯಲ್ಲಿ ಮನೆಮನೆಗೂ ಹೋಗಿ, "ನನ್ನ ಬೋರ ಅದಾನೆ, ಸವಳಂಗದಾಗೆ ಕುರಿ ಕಾಯ್ತಾ ಅದಾನೆ" ಎಂದು ಹೇಳಿ ಬಂದಿದ್ದಾಳೆ. ಹೊರಗೋಡೆಗೆ ಸುಣ್ಣ ಹೊಡೆಸಿದ್ದಾಳೆ. ಅವನ ಫೋಟೊ ಇನ್ನು ಹಿರಿಯರ ಸಾಲಿಗೆ ಹೋಗಬಾರದೆಂದು ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಅವ್ವನಿಗೆ, "ನಿನಗೇನನ್ನಿಸ್ತೈತೆ?" ಎಂದು ಕೇಳಿದೆ. "ಬಂದ್ರೆ ಬರ್ಲಿ. ಮನೇಲಿ ಅಡಿಗೆ ಇದ್ದೇ ಇರ್ತೈತಲ್ಲ" ಅಂದಳು. ಆಮೇಲೆ, "ನಿಮ್ಮಣ್ಣ ನಿಮ್ಮಪ್ಪನ್ನ ನೋಡ್ದನಂತಾ, ಕುರಿ ನೋಡ್ದನಂತಾ?" ಎಂದಳು. ಕುರಿ ಅಂದೆ. "ಹೂಂ" ಅಂದು ಫೋನ್ ಇಟ್ಟಳು.

ಅಣ್ಣಾ, ಒಂದೇ ಒಂದು ಆಧಾರ ಇಟ್ಟುಕೊಂಡು ಏನನ್ನೂ ಬರೆಯಬಾರದು ಎನ್ನುತ್ತಾರೆ ಮೇಡಂ. ಚೀಟಿ ಇನ್ನೂ ನಡುಗೆರೆಯ ಮೇಲೇ ಇದೆ. ನೀನು ಹೋಗು. ಹೋಗಿ ಆ ಯಜಮಾನನ ಮುಖ ನೋಡು.

ಚೈತ್ರಾ


ಹೊನ್ನಾಳಿ
17 ಆಗಸ್ಟ್ 2025

ಚೈತ್ರಾ,

ಹೋಗಿ ಬಂದೆ.

ಮೊದಲ ಸಲ ಹೋದಾಗ ಸಿಗಲಿಲ್ಲ. ಮಳೆ ಹಿಡಿದಿತ್ತು, ಹಿಂಡು ಗುಡ್ಡದ ಕಡೆ ಹೋಗಿತ್ತು. ನಿನ್ನೆ ಸಿಕ್ಕಿತು. ಸವಳಂಗದಿಂದ ಆಚೆ ಮೆಕ್ಕೆಜೋಳದ ಹೊಲಗಳು ಮುಗಿದು ಬೀಳುಭೂಮಿ ಶುರುವಾಗುವ ಕಡೆ ಕುರಿ ಮೇಯುತ್ತಿದ್ದವು. ಕಲ್ಲಿನ ಮೇಲೆ ಕಂಬಳಿ ಹೊದ್ದು ಒಬ್ಬ ಕೂತಿದ್ದ. ಹಿಂದಿನಿಂದ ನೋಡುತ್ತ ನಡೆದೆ. ಆ ದಾರಿ ಮುಗಿಯದೆ ಇದ್ದಿದ್ದರೆ ಚೆನ್ನಾಗಿತ್ತು. ಅವನು ತಿರುಗಿದ. ಅಪ್ಪ ಅಲ್ಲ. ಹಲ್ಲಿಲ್ಲದ ಮುದುಕ. ಹೆಸರು ಅಂಜಿನಪ್ಪ, ಹರಪನಹಳ್ಳಿ ಕಡೆಯವನು.

"ಈ ಮರಿ ಯಾರವು ಯಜಮಾನ್ರೇ?" ಅಂದೆ.

"ನನ್ನವೇ. ಕೊಳ್ಳಾಕೆ ಬಂದೀಯೇನು?"

"ಇಲ್ಲ. ಈ ಕಿವಿಗುರುತು ನಮ್ಮ ಮನೇದು."

ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಸೊಕ್ಕೆಯೋನಾ?"

"ಹೂಂ. ಬೋರಣ್ಣನ ಮಗ."

"ಕುಂತ್ಕ ಬಾ" ಎಂದು ಕಲ್ಲಿನ ಮೇಲೆ ಜಾಗ ಬಿಟ್ಟ. ಆಮೇಲೆ ತಾನಾಗಿಯೇ ಶುರುಮಾಡಿದ. "ಕದ್ದಿಲ್ಲಪ್ಪ ನಾನು. ನಿಮ್ಮಪ್ಪ ಕೊಟ್ಟ, ನಾನು ಕೊಂಡೆ. ಇಲ್ಲೇ ನ್ಯಾಮತಿ ಹತ್ರ ಗೊಬ್ಬರಕ್ಕೆ ಅಂತ ಗದ್ದೆಯಾಗೆ ಕುರಿ ನಿಲ್ಸಿದ್ವಿ. ಬೆಳಿಗ್ಗೆ ಎದ್ದು, ಸಾಕಾಯ್ತು ಅಂಜಿನಪ್ಪ, ಇವನ್ನ ನೀನೇ ತಗ ಅಂದ. ಊರಿಗೆ ಹೇಳಬ್ಯಾಡ ಅಂದ. ಯಾಕೆ ಅಂತ ಕೇಳಬ್ಯಾಡ, ನಂಗೂ ಹೇಳಲಿಲ್ಲ."

"ಮತ್ತೆ ನಿಮ್ಮ ಗುರುತು ಯಾಕೆ ಹಾಕಿಲ್ಲ? ಮೊನ್ನೆ ಹುಟ್ಟಿದ ಮರಿಗೂ ನಮ್ಮದೇ ಐತಲ್ಲ?"

ಅವನು ನಕ್ಕ. "ಕೊಯ್ದ ಕಿವಿ ಮತ್ತೆ ಕೂಡ್ತೈತೇನೋ ಹುಡುಗಾ? ಅವನ ಕುರಿ ಜಾಸ್ತಿ ಇದ್ದವು, ನನ್ನವು ಕಮ್ಮಿ. ಒಂದೇ ಹಿಂಡಾಗೆ ಎರಡು ಗುರುತು ಇದ್ರೆ ದಾರಿ ಉದ್ದಕ್ಕೂ ಜಗಳ. ಅದಕ್ಕೆ ಹುಟ್ಟಿದ್ದಕ್ಕೆಲ್ಲಾ ಅವಂದೇ ಹಾಕ್ಕಂತ ಬಂದೆ. ಈಗ ಅದು ನಂದೇ ಆಗೈತೆ. ನನ್ನ ಮೊಮ್ಮಕ್ಕಳಿಗೆ ಕೇಳು, ನಮ್ಮಜ್ಜನ ಗುರುತು ಅಂತಾರೆ."

ಅಷ್ಟೇ ಚೈತ್ರಾ. ಇನ್ನೇನೂ ಇಲ್ಲ. ಗುರುತು ಈಗಿನದು, ಕೈ ಬೇರೆ. ನಾನು ಅರಿಶಿನ ಹಸಿ ಇದ್ದದ್ದನ್ನು ನೋಡಿದೆ, ಹಚ್ಚಿದವರು ಯಾರೆಂದು ಕೇಳದೆ ಅಜ್ಜಿಯ ಮನೆಗೋಡೆಗೆ ಸುಣ್ಣ ಹೊಡೆಸಿದೆ. ಕುರಿ ಸಾಕಿದ ಮನೆಯವನು ಮಾತ್ರ ಮಾಡುವ ತಪ್ಪು ಇದು. ಬೇರೆಯವರಾಗಿದ್ದರೆ ಮರಿಯ ಕಿವಿಯನ್ನು ನೋಡುತ್ತಲೇ ಇರಲಿಲ್ಲ.

ಏಳುವಾಗ ಕೇಳಿದೆ, ಅಪ್ಪ ಈಗ ಎಲ್ಲಿದ್ದಾನೆ ಅಂತ. ಅಂಜಿನಪ್ಪ ಕುರಿಗಳ ಕಡೆ ನೋಡುತ್ತ, "ಚನ್ನಗಿರಿಯಾಗೆ ಇದ್ದ. ತರಕಾರಿ ಮಾರೋ ಭೀಮಕ್ಕ ಅಂತ, ಆಕೆ ಜೊತೆ. ಹೋದ ವರ್ಷ ಬೇಸಿಗೆಯಾಗೆ ತೀರಿಕೊಂಡ ಅಂತ ಕೇಳ್ದೆ. ನಾನು ನೋಡಿಲ್ಲ" ಅಂದ.

ಹೋದ ವರ್ಷ ಬೇಸಿಗೆಯಲ್ಲಿ ನಾನು ಚನ್ನಗಿರಿಯ ಹೋಟೆಲಿನಲ್ಲಿದ್ದೆ.

ಅಜ್ಜಿಗೆ ಏನೂ ಹೇಳಿಲ್ಲ. ಕೇಳಿದ್ದು ಆಧಾರವಲ್ಲ ಎಂದು ನಿಮ್ಮ ಮೇಡಂ ಹೇಳಿಯಾರು. ಈ ಸಲ ಅದು ನನಗೂ ಅನುಕೂಲ. ಚೀಟಿಯನ್ನು ಮುಟ್ಟಬೇಡ.

ತಿಮ್ಮೇಶ್


ಜಗಳೂರು
31 ಆಗಸ್ಟ್ 2025

ಅಣ್ಣಾ,

ಅಂಜಿನಪ್ಪನ ವಿಷಯ ಬರೆದು ಎರಡು ವಾರವಾಯಿತು, ಆಮೇಲೆ ನಿನ್ನಿಂದ ಪತ್ರವಿಲ್ಲ. ಚನ್ನಗಿರಿಗೆ ಹೋದೆಯೋ ಇಲ್ಲವೋ ಗೊತ್ತಿಲ್ಲ. ಹೋಗಲು ಹೆದರಿಕೆಯಾದರೆ ಹೆದರಿಕೆಯಾಗುತ್ತಿದೆ ಅಂತಲೇ ಬರೆ.

ಶಾಲೆಯಲ್ಲಿ ಚಾರ್ಟುಗಳ ಪ್ರದರ್ಶನ ಮುಗಿಯಿತು. ನನ್ನ ಚಾರ್ಟಿನ ಮುಂದೆ ಒಬ್ಬರು ನಿಂತು, ಈ ಚೀಟಿ ಅಂಟಿಸುವುದನ್ನು ಮರೆತಿದ್ದೀಯಮ್ಮ ಎಂದರು. ಮರೆತಿಲ್ಲ ಅಂದೆ. ಚಾರ್ಟನ್ನು ಸುತ್ತಿ ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ಸುತ್ತಿದಾಗ ಗುಂಡುಸೂಜಿ ನನ್ನ ಕೈಗೇ ಚುಚ್ಚಿತು.

ಅಮಾವಾಸ್ಯೆ ಹತ್ತಿರ ಬಂತು. ಅವ್ವ ಪಂಚೆ ತಂದಿದ್ದಾಳಂತೆ, ಅಜ್ಜಿಗೆ ತೋರಿಸಿಲ್ಲವಂತೆ. ಬಂದರೆ ಉಡಲಿಕ್ಕೋ, ಎಡೆಗೆ ಇಡಲಿಕ್ಕೋ ಎಂದು ಕೇಳಿದೆ. "ಪಂಚೆ ಪಂಚೇನೇ" ಅಂದಳು.

ಚೈತ್ರಾ


ಹೊನ್ನಾಳಿ
10 ಸೆಪ್ಟೆಂಬರ್ 2025

ಚೈತ್ರಾ,

ಹೆದರಿಕೆಯಾಗಿತ್ತು. ಎರಡು ಸಲ ಚನ್ನಗಿರಿಯ ಬಸ್ಸು ಹತ್ತಿ, ಎರಡು ಸಲವೂ ನಡುವೆ ಇಳಿದು ವಾಪಸ್ ಬಂದೆ. ಮೂರನೇ ಸಲ ನಿಂಗರಾಜಣ್ಣ ತಾನೇ ಬೈಕಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವನು ಒಂದು ಜೋಕೂ ಹೇಳಲಿಲ್ಲ. ಮಾರ್ಕೆಟ್ಟಿನ ಮುಂದೆ ಇಳಿಸಿ, "ನಾನಿಲ್ಲೇ ಇರ್ತೀನಿ. ಹೋಗು" ಅಂದ.

ಭೀಮಕ್ಕ ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ಕೆಟ್ಟ ಹೆಂಗಸಿನ ಹಾಗೆ ಇರುತ್ತಾಳೆ ಅಂದುಕೊಂಡಿದ್ದೆ. ನಮ್ಮ ಅವ್ವನಷ್ಟೇ ವಯಸ್ಸು, ಅವ್ವನ ಹಾಗೆಯೇ ಒರಟು ಕೈ. ಬೋರಣ್ಣನ ಮಗ ಅಂದ ತಕ್ಷಣ ಕಟ್ಟನ್ನು ಕೆಳಗಿಟ್ಟು, "ತಿಮ್ಮೇಶನಾ?" ಅಂದಳು. ಹೆಸರು ನಾನು ಹೇಳಿರಲಿಲ್ಲ.

ಅವನು ತೀರಿಕೊಂಡದ್ದು ನಿಜ. ಹೋದ ವರ್ಷ ಯುಗಾದಿ ಕಳೆದ ಮೇಲೆ, ಕಾಮಾಲೆ ತಿರುಗಿ. ಅವಳೇ ಎದುರಿಗಿದ್ದಳು. ಅಂಜಿನಪ್ಪ ಕೇಳಿದ್ದು, ಇವಳು ನೋಡಿದ್ದು. ಎರಡು ಆಧಾರವಾಯಿತು. ಯಾಕೆ ಮನೆ ಬಿಟ್ಟ ಅಂದೆ. "ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಹೇಳಾಕೆ ಅವನಿಗೂ ಗೊತ್ತಿತ್ತೋ ಇಲ್ಲೋ" ಅಂದಳು.

ಇನ್ನೊಂದು ಮಾತು ಇದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಅವನು ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುತ್ತಿದ್ದನಂತೆ. ಬೆಳಿಗ್ಗೆ ಟೀ ಕುಡಿಯಲು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗುತ್ತಿದ್ದನಂತೆ. ನಾನಿದ್ದ ಹೋಟೆಲು. ಅಲ್ಲಿ ಗಲ್ಲಾದ ಮೇಲಿದ್ದವರು ದಿನವಿಡೀ "ತಿಮ್ಮೇಶಾ, ಎರಡು ಟೀ, ಲೇ ತಿಮ್ಮೇಶಾ" ಎಂದು ಕೂಗುತ್ತಲೇ ಇರುತ್ತಿದ್ದರು. "ಒಂದಿನ ಬಂದು ಕುಂತ" ಅಂದಳು ಭೀಮಕ್ಕ. "ಅಲ್ಲೊಬ್ಬ ಹುಡುಗ ಅದಾನೆ, ನನ್ನ ಮಗನ ಹೆಸರು, ಮೂಗು ನಮ್ಮವ್ವಂದು ಅಂದ. ಮಾತಾಡ್ಸಬೇಕಿತ್ತು ಅಂದೆ. ಏನಂತ ಮಾತಾಡ್ಸಲಿ ಅಂದ. ಅವತ್ತಿಂದ ಆ ಹೋಟ್ಲಿಗೆ ಹೋಗೋದು ಬಿಟ್ಟ."

ಹೊನ್ನಾಳಿಗೆ ಬಂದು ಎಷ್ಟೋ ಹೊತ್ತು ನೆನಪು ಮಾಡಿಕೊಂಡೆ. ಎಷ್ಟು ಜನರಿಗೆ ಟೀ ಕೊಟ್ಟಿದ್ದೇನೆ. ಮುಖ ಯಾವುದೂ ಬರುವುದಿಲ್ಲ. ಲೋಟ ಹಿಡಿಯುವ ಕೈಗಳು ಬರುತ್ತವೆ, ಅವುಗಳಲ್ಲಿ ಒಂದು ಅವನದ್ದು. ಫೋಟೊದ ಮೀಸೆಯವನನ್ನೇ ನಾನು ಹುಡುಕುತ್ತಿದ್ದೆ. ಅವನು ಮುದುಕನಾಗಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಮೇಡಂ ಹೇಳಿದ್ದನ್ನು ನೀನು ಬರೆದಿದ್ದೆಯಲ್ಲ, ಆ ಸಾಲುಗಳನ್ನು ಮತ್ತೆ ತೆಗೆದು ಓದಿದೆ. ಅವನು ಸತ್ತಿರಲಿ, ಚನ್ನಗಿರಿಯಲ್ಲಿ ನಾನೂ ಅವನೂ ಸಮಕಾಲೀನರು. ಅದು ಇನ್ನು ಬದಲಾಗುವುದಿಲ್ಲ. ಒಂದೇ ಊರು, ಒಂದೇ ಒಲೆಯ ಟೀ. ಅವನು ಟೀ ಕುಡಿಯಲು ಬರದೆ ಹೋದ ಆ ಬೆಳಿಗ್ಗೆ ನನಗೆ ಏನೂ ಆಗಲಿಲ್ಲ, ಎಲ್ಲ ದಿನದ ಹಾಗೆಯೇ ಲೋಟ ತೊಳೆದಿರುತ್ತೇನೆ. ಅದರಿಂದ ಆಗಬೇಕಾದದ್ದು ಈಗ ಆಗುತ್ತಿದೆ. ಐತಿಹಾಸಿಕ ಅಂದರೆ ಇದೇ ಇರಬೇಕು. ನಾನು ತಪ್ಪು ತಿಳಿದುಕೊಂಡಿದ್ದರೆ ಮೇಡಂ ತಿದ್ದಲಿ. ಚೀಟಿಯನ್ನು ಬಲಕ್ಕೆ ಸರಿಸು. ಸೂಜಿ ತೆಗೆದು ಅಂಟಿಸಿಬಿಡು.

ಅವ್ವನಿಗೆ ಎಲ್ಲವನ್ನೂ ಹೇಳುತ್ತೇನೆ, ಭೀಮಕ್ಕನ ವಿಷಯವನ್ನೂ. ಅವ್ವ ತಡೆದುಕೊಳ್ಳುತ್ತಾಳೆ. ಅಜ್ಜಿಗೆ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಫೋನಿನಲ್ಲಿ ಕೊಟ್ಟ ಮಗನನ್ನು ಫೋನಿನಲ್ಲೇ ಕಿತ್ತುಕೊಳ್ಳಬಾರದು, ಎದುರಿಗೆ ಕೂತು ಹೇಳಬೇಕು. ಅವಳ ಮೂಗು ನನಗಿದೆ ಎಂದು ಅವನು ಹೇಳಿದ್ದನ್ನೂ ಹೇಳುತ್ತೇನೆ. ಆಮೇಲೆ ಟ್ರಂಕಿನ ಕೀಲಿ ಕೇಳುತ್ತೇನೆ. ಕೊಡದಿದ್ದರೆ ಅಮಾವಾಸ್ಯೆವರೆಗೆ ಅಲ್ಲೇ ಕೂತಿರುತ್ತೇನೆ, ನನಗೆ ಒಂದು ಕಡೆ ಕೂರುವುದು ಆಗದಿದ್ದರೂ. ನೀನು ರಜೆಗೆ ಬರುವ ಹೊತ್ತಿಗೆ ಫೋಟೊ ಎಲ್ಲಿರುತ್ತದೋ ನೋಡೋಣ. ಈ ಸಲ ಕೈ ಜೋಡಿಸಿದರೆ ನಿಜವಾಗಿ ಮುಗಿಯುತ್ತೇನೆ. ಆಗದಿದ್ದರೆ ಜೋಡಿಸುವುದೇ ಇಲ್ಲ.

ನಿಂಗರಾಜಣ್ಣ ರಜೆ ಕೊಟ್ಟಿದ್ದಾನೆ. ಬಟ್ಟೆ ಬ್ಯಾಗಿಗೆ ಹಾಕಿಟ್ಟಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಮೇಲೆ ಸೊಕ್ಕೆಗೆ ಹೊರಡುತ್ತೇನೆ.

ತಿಮ್ಮೇಶ್